ವಿದ್ಯಾರ್ಥಿಗಳಿಗೆ ವಿಶ್ವ ಸಾಮಾಜಿಕ ವೇದಿಕೆ: ತೆತ್ತ ಬೆಲೆಗೆ ದಕ್ಕುವುದೇನು?

ಲೋಕದ ಹಲವೆಡೆಯ ಚಳವಳಿಗಳೂ ಜನಸಂಘಟನೆಗಳೂ ಒಂದೆಡೆ ಸೇರುವ, ವರ್ಲ್ಡ್ ಸೋಷಿಯಲ್ ಫೋರಂ ಎಂದೇ ಹೆಚ್ಚಾಗಿ ಕರೆಯಲಾಗುವ ವಿಶ್ವ ಸಾಮಾಜಿಕ ವೇದಿಕೆಯ ಮಾತು ಬಂದಾಗಲೆಲ್ಲ ಚರ್ಚೆ ಅದರ ರಾಜಕೀಯ ಸರಿಯೋ ತಪ್ಪೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಪದವಿಯಲ್ಲೋ ಸ್ನಾತಕೋತ್ತರ ತರಗತಿಯಲ್ಲೋ ಓದುತ್ತಿರುವವರಿಗೆ ಇದಕ್ಕಿಂತ ಸರಳವಾದ, ಇದಕ್ಕಿಂತ ತುರ್ತಾದ ಇನ್ನೊಂದು ಪ್ರಶ್ನೆ ಇರುತ್ತದೆ: ಮನೆಯವರ ಬಳಿ ಹಣ ಕೇಳಿ, ಹಾಜರಾತಿ ಕಳೆದುಕೊಂಡು, ರೈಲಿನಲ್ಲಿ ದಿನಗಟ್ಟಲೆ ಕುಳಿತು ಇಂಥದೊಂದು ಸಭೆಗೆ ಹೋದರೆ ಕೈಗೆ ಹತ್ತುವುದೇನು? 2004ರ ಮುಂಬಯಿ ಸಭೆಯನ್ನು ವಿದ್ಯಾರ್ಥಿಯಾಗಿಯೂ 2024ರ ಕಠ್ಮಂಡು ಸಭೆಯನ್ನು ಅಧ್ಯಾಪಕನಾಗಿಯೂ ನೋಡಿದ್ದನ್ನು ಮತ್ತು ಉಳಿದ ಊರುಗಳ ಸಭೆಗಳ ಬಗ್ಗೆ ದಾಖಲಾಗಿರುವುದನ್ನು ಆಧಾರವಾಗಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಕೇವಲ ಕೇಳುಗರಾಗಿ ಹೋಗುವ ವಿದ್ಯಾರ್ಥಿಗಳಿಗೆ ಈ ಸಭೆ ಬಲು ದುಬಾರಿ. ತಾವೇ ಮಾಡಿದ ಒಂದು ಕೆಲಸವನ್ನು ಹೊತ್ತುಕೊಂಡು ಹೋಗುವವರಿಗೆ ಇಷ್ಟು ಅಗ್ಗವಾಗಿ ಸಿಗುವ ಶಿಕ್ಷಣ ಬೇರೆಲ್ಲೂ ಇಲ್ಲ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ದೊಡ್ಡ ಉದ್ಯಮಿಗಳೂ ಸರ್ಕಾರಗಳ ಮುಖಂಡರೂ ಪ್ರತಿ ಜನವರಿಯಲ್ಲಿ ಸೇರುವ ವಿಶ್ವ ಆರ್ಥಿಕ ವೇದಿಕೆಗೆ ಎದುರಾಗಿ, ಅದೇ ದಿನಗಳಲ್ಲಿ, 2001ರಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ ಇದರ ಮೊದಲ ಸಭೆ ನಡೆಯಿತು. ಒಡೆಡ್ ಗ್ರಾಜೆವ್, ಚಿಕೊ ವಿಟಾಕರ್ ಎಂಬ ಬ್ರೆಜಿಲಿಯನ್ನರು ಮತ್ತು ಫ್ರಾನ್ಸಿನ ಬರ್ನಾರ್ಡ್ ಕಾಸೆನ್ ಇದರ ಹಿಂದಿದ್ದ ಪ್ರಮುಖರು. ‘ಇನ್ನೊಂದು ಜಗತ್ತು ಸಾಧ್ಯ’ ಎಂಬುದು ಘೋಷಣೆ. ಅದೇ ವರ್ಷ ರೂಪಿಸಿದ ತತ್ತ್ವಪತ್ರದ ಪ್ರಕಾರ ವೇದಿಕೆ ತನ್ನ ಹೆಸರಿನಲ್ಲಿ ಯಾವ ನಿರ್ಣಯವನ್ನೂ ಅಂಗೀಕರಿಸುವುದಿಲ್ಲ, ರಾಜಕೀಯ ಪಕ್ಷಗಳ ಪ್ರತಿನಿಧಿಗಳಿಗೂ ಸೈನಿಕ ಸಂಘಟನೆಗಳಿಗೂ ಅದರಲ್ಲಿ ಜಾಗವಿಲ್ಲ. ಅಲ್ಲಿಂದ ಮುಂದೆ ಮುಂಬಯಿ, ನೈರೋಬಿ, ಬೆಲೆಂ, ಡಕಾರ್, ಟ್ಯುನಿಸ್, ಮಾಂಟ್ರಿಯಲ್, ಮೆಕ್ಸಿಕೊ ನಗರ ಎಂದು ಸುತ್ತಿ 2024ರ ಫೆಬ್ರವರಿಯಲ್ಲಿ ಸಭೆ ಕಠ್ಮಂಡುವಿಗೆ ಬಂತು.

ಹೊಸಬರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಈ ಸಭೆಯ ಕಟ್ಟೋಣವನ್ನು. ನಮ್ಮಲ್ಲಿ ಸಮ್ಮೇಳನವೆಂದರೆ ಉದ್ಘಾಟನೆ, ಅಧ್ಯಕ್ಷರ ಭಾಷಣ, ಗೋಷ್ಠಿಗಳು, ಸಮಾರೋಪ, ಕೊನೆಗೆ ಪ್ರಮಾಣಪತ್ರ. ವಿಶ್ವ ಸಾಮಾಜಿಕ ವೇದಿಕೆಯಲ್ಲಿ ಸಂಘಟಕರು ಜಾಗ, ಸಮಯ ಮತ್ತು ಒಂದಿಷ್ಟು ದೊಡ್ಡ ಸಭೆಗಳನ್ನು ಒದಗಿಸುತ್ತಾರೆ; ಉಳಿದ ನೂರಾರು ಕಾರ್ಯಾಗಾರಗಳನ್ನು ಬಂದ ಸಂಘಟನೆಗಳೇ ನಡೆಸಿಕೊಳ್ಳಬೇಕು. ತಿಂಗಳುಗಳ ಮೊದಲೇ ವಿಷಯವನ್ನು ನೋಂದಾಯಿಸಿದವರಿಗೆ ಒಂದು ಕೊಠಡಿಯೋ ಡೇರೆಯೋ ಎರಡು ಮೂರು ಗಂಟೆ ಸಿಗುತ್ತದೆ, ಆದರೆ ಅದರೊಳಕ್ಕೆ ಜನರನ್ನು ಕರೆತರುವ ಹೊಣೆ ನೋಂದಾಯಿಸಿದವರದೇ. ಹೀಗಾಗಿ ಗೇಟಿನ ಬಳಿ ನಿಂತು ಕರಪತ್ರ ಹಂಚುವವರ ಸಾಲು ಬೆಳಿಗ್ಗೆಯಿಂದಲೇ ಶುರುವಾಗುತ್ತದೆ. ಸಂತೆಯಲ್ಲಿ ಅಂಗಡಿ ಹಾಕಿದವರಿಗೆ ಊರಿನ ಅಷ್ಟೂ ಪರಿಚಯವಾಗುತ್ತದೆ, ಸುಮ್ಮನೆ ಸುತ್ತಿದವರಿಗೆ ಕಾಲುನೋವು ಬರುತ್ತದೆ; ಇಲ್ಲಿಯೂ ಹಾಗೆಯೇ.

ಮುಂಬಯಿ ಸಭೆ 2004ರ ಜನವರಿ 16ರಿಂದ 21ರವರೆಗೆ ಗೋರೆಗಾಂವ್ ಪೂರ್ವದ ನೆಸ್ಕೋ ಮೈದಾನದಲ್ಲಿ ನಡೆಯಿತು. ಅದು ಹಳೆಯ ಕಾರ್ಖಾನೆಯ ಆವರಣ. ತಗಡಿನ ಮಾಡಿನ ದೊಡ್ಡ ದೊಡ್ಡ ಶೆಡ್ಡುಗಳನ್ನು ಬಟ್ಟೆ ಮತ್ತು ಸೆಣಬಿನ ಪರದೆಗಳಿಂದ ಭಾಗ ಮಾಡಿ ಸಭಾಂಗಣಗಳನ್ನಾಗಿಸಿದ್ದರು. ಪರಿಸರದ ದೃಷ್ಟಿಯಿಂದ ಅದು ಮೆಚ್ಚತಕ್ಕ ಏರ್ಪಾಡೇ ಆದರೂ ಧ್ವನಿಯ ದೃಷ್ಟಿಯಿಂದ ಹಾಗಿರಲಿಲ್ಲ: ಪರದೆಯ ಆಚೆ ಕೊರಿಯಾದ ಕಾರ್ಮಿಕರ ಸಭೆ, ಈಚೆ ನೀರಿನ ಹಕ್ಕಿನ ಸಭೆ, ಇವೆರಡರ ನಡುವಿನ ದಾರಿಯಲ್ಲಿ ತಮಟೆ ಬಡಿಯುತ್ತ ಸಾಗುವ ಮೆರವಣಿಗೆ. ಒಳಗೆ ಕುಳಿತು ಟಿಪ್ಪಣಿ ಬರೆದುಕೊಳ್ಳುವ ಹುರುಪಿನಿಂದ ಬಂದಿದ್ದ ನಮ್ಮಂಥ ವಿದ್ಯಾರ್ಥಿಗಳು ಎರಡನೆಯ ದಿನದ ಹೊತ್ತಿಗೆ ನೋಟ್‌ಬುಕ್ಕನ್ನು ಚೀಲಕ್ಕೆ ಸೇರಿಸಿ ದಾರಿಗೆ ಇಳಿದಿದ್ದೆವು. ಇಳಿದದ್ದೇ ಒಳ್ಳೆಯದಾಯಿತೆಂದು ಈಗಲೂ ಅನ್ನಿಸುತ್ತದೆ. ಅರುಂಧತಿ ರಾಯ್, ಶಿರೀನ್ ಎಬಾದಿ, ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರು ಮಾತಾಡಿದ್ದು ಮರುದಿನದ ಪತ್ರಿಕೆಗಳಲ್ಲಿ ಹೇಗೂ ಬರುತ್ತಿತ್ತು. ದಾರಿಯಲ್ಲಿ ಸಿಕ್ಕ ಟಿಬೆಟಿನ ಹುಡುಗಿಯರು, ಪಾಕಿಸ್ತಾನದಿಂದ ಬಂದವರು, ಊರೂರು ಸುತ್ತಿ ಮುಂಬಯಿ ಸೇರಿದ್ದ ದಲಿತ ಜಾಥಾದವರು ಯಾವ ಪತ್ರಿಕೆಯಲ್ಲೂ ಹಾಗೆ ಸಿಗುವಂತಿರಲಿಲ್ಲ.

ಭಾರತದ ಸಂಘಟಕರು ಆಗ ತೆಗೆದುಕೊಂಡ ಕೆಲವು ನಿಲುವುಗಳನ್ನು ಇಲ್ಲಿ ನೆನೆಯಲೇಬೇಕು, ಏಕೆಂದರೆ ವಿದ್ಯಾರ್ಥಿಗಳು ಕಣ್ಣಾರೆ ಕಂಡು ಕಲಿಯಬಹುದಾದ ರಾಜಕೀಯ ಅದರಲ್ಲಿತ್ತು. ಫೋರ್ಡ್ ಫೌಂಡೇಶನ್‌ನಂಥ ಸಂಸ್ಥೆಗಳ ಹಣವನ್ನು ಬೇಡವೆಂದರು. ಆವರಣದೊಳಗೆ ಕೋಕ್, ಪೆಪ್ಸಿ ಮಾರುವಂತಿರಲಿಲ್ಲ. ಮಾಧ್ಯಮ ಕೇಂದ್ರದ ಗಣಕಗಳಲ್ಲಿ ವಿಂಡೋಸ್ ಬದಲಿಗೆ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶವಾದ ಲಿನಕ್ಸ್ ಇತ್ತು. ಸ್ವತಂತ್ರ ತಂತ್ರಾಂಶವೆಂಬುದು ಎಂಜಿನಿಯರಿಂಗ್ ಹುಡುಗರ ಗೀಳಷ್ಟೇ ಅಲ್ಲ, ರಾಜಕೀಯ ಪ್ರಶ್ನೆಯೂ ಹೌದೆಂಬುದು ನಮ್ಮಲ್ಲಿ ಅನೇಕರಿಗೆ ಹೊಳೆದದ್ದು ಅಲ್ಲಿಯೇ. ಭಾಷಾಂತರಕ್ಕೂ ಸ್ವತಂತ್ರ ತಂತ್ರಾಂಶದ ಹೊಸ ವ್ಯವಸ್ಥೆಯೊಂದನ್ನು ಪ್ರಯೋಗಿಸಿದರು, ಅದು ಮಾತ್ರ ಮೊದಲ ದಿನಗಳಲ್ಲಿ ಸರಿಯಾಗಿ ಕೈಗೂಡಲಿಲ್ಲ. ಈ ಸಭೆಯೇ ಸರ್ಕಾರೇತರ ಸಂಸ್ಥೆಗಳ ಜಾತ್ರೆಯೆಂದು ದೂರಿ ಹೊರಗುಳಿದ ಎಡ ಗುಂಪುಗಳು ಹೆದ್ದಾರಿಯ ಆಚೆ ‘ಮುಂಬಯಿ ಪ್ರತಿರೋಧ 2004’ ಎಂಬ ಎದುರು ಸಭೆಯನ್ನೇ ನಡೆಸುತ್ತಿದ್ದವು. ಎರಡನ್ನೂ ನೋಡಿ ಬಂದ ವಿದ್ಯಾರ್ಥಿಗಳು ಸಂಜೆ ವಸತಿಯಲ್ಲಿ ನಡೆಸುತ್ತಿದ್ದ ಜಗಳಗಳು ಮೈದಾನದ ಬಹುಪಾಲು ಗೋಷ್ಠಿಗಳಿಗಿಂತ ಹರಿತವಾಗಿದ್ದವು.

ವಿದ್ಯಾರ್ಥಿಗಳಿಗೆಂದೇ ಇರುವ ಸೌಲಭ್ಯವೆಂದರೆ ಯುವ ಶಿಬಿರ. ಪೋರ್ಟೊ ಅಲೆಗ್ರೆಯ ಮೊದಲ ಸಭೆಯಲ್ಲಿ ಹೋಟೆಲಿಗೆ ಹಣವಿಲ್ಲದವರು ಉದ್ಯಾನದಲ್ಲಿ ಡೇರೆ ಹಾಕಿಕೊಂಡದ್ದರಿಂದ ಆರಂಭವಾದ ಈ ಶಿಬಿರ, 2005ರ ಹೊತ್ತಿಗೆ ಮೂವತ್ತೈದು ಸಾವಿರ ಯುವಜನರ ಊರೇ ಆಗಿತ್ತು. ಅದರ ಆಡಳಿತವನ್ನು ಅಲ್ಲಿದ್ದವರೇ ನೋಡಿಕೊಂಡರು. ರೇಡಿಯೊ, ಸ್ವತಂತ್ರ ತಂತ್ರಾಂಶದ ಪ್ರಯೋಗಶಾಲೆ, ಮಣ್ಣು ಬಿದಿರಿನ ಕಟ್ಟಡಗಳು, ಶಿಬಿರದೊಳಗೆ ಮಾತ್ರ ಚಲಾವಣೆಯಾಗುವ ಹಣ, ಎಲ್ಲವನ್ನೂ ಅಲ್ಲಿ ಮಾಡಿ ನೋಡಿದರು. ದೊಡ್ಡವರ ಸಭೆ ವಿಶ್ವವಿದ್ಯಾಲಯದ ಹವಾನಿಯಂತ್ರಿತ ಸಭಾಂಗಣಗಳಲ್ಲಿ ‘ಇನ್ನೊಂದು ಜಗತ್ತಿನ’ ಬಗ್ಗೆ ಮಾತಾಡುತ್ತಿದ್ದಾಗ ಅದನ್ನು ಬಾಳಿ ನೋಡುವ ಪ್ರಯತ್ನ ನಡೆದದ್ದು ಹುಡುಗರ ಶಿಬಿರದಲ್ಲಿ. ಮುಂಬಯಿಯಿಂದ ಸಭೆ ಪೋರ್ಟೊ ಅಲೆಗ್ರೆಗೇ ಮರಳಿದ 2005ರಲ್ಲಿ ಸಂಘಟಕರು ಇಡೀ ಸಭೆಯನ್ನೇ ಅಲ್ಲಿಯ ಗುವಾಯಿಬಾ ನದೀತೀರದ ಡೇರೆಗಳಿಗೆ ತಂದು, ಶಿಬಿರವನ್ನು ಅದರ ನಡುವೆ ಇರಿಸಿಕೊಂಡರು ಎಂಬುದು ಆ ಪ್ರಯೋಗಕ್ಕೆ ಸಂದ ಮನ್ನಣೆ. ಅದೇ ವರ್ಷ ಶಿಬಿರದಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೂರುಗಳು ಬಂದವು, ಮಹಿಳೆಯರೇ ‘ನೇರಳೆ ಪಡೆ’ಗಳನ್ನು ಕಟ್ಟಿಕೊಂಡು ಗಸ್ತು ತಿರುಗಬೇಕಾಯಿತು ಎಂಬುದನ್ನೂ ಇದರ ಜೊತೆಯಲ್ಲಿಯೇ ಹೇಳಬೇಕು. ಪ್ರಗತಿಪರರ ಸಭೆಯಾದ್ದರಿಂದ ಸುರಕ್ಷತೆ ತಾನಾಗಿಯೇ ಇರುತ್ತದೆಂದು ನಂಬಿ ಯಾರೂ ಹೋಗಬಾರದು. ದೂರು ಕೊಡಬೇಕಾದಲ್ಲಿ ಯಾರಿಗೆ ಕೊಡಬೇಕೆಂಬುದನ್ನು ನೋಂದಣಿಯ ದಿನವೇ ಕೇಳಿ ತಿಳಿದುಕೊಳ್ಳುವುದು ಲೇಸು.

ಯುವಜನರಿಗೆ ಶಿಬಿರ ಕೊಟ್ಟವರು ಮಾತಾಡುವ ಜಾಗವನ್ನೂ ಕೊಟ್ಟರೇ ಎಂದರೆ ಉತ್ತರ ಅಷ್ಟು ಹಿತವಾಗಿಲ್ಲ. ವೇದಿಕೆಗೆ ಒಂದು ಸಮಾನ ಕಾರ್ಯಕ್ರಮ ಬೇಕೆಂದು 2005ರಲ್ಲಿ ಪ್ರಣಾಳಿಕೆ ಹೊರಡಿಸಿದ ಹತ್ತೊಂಬತ್ತು ಮಂದಿ ಖ್ಯಾತನಾಮರಲ್ಲಿ ಮಾಲಿ ದೇಶದ ಅಮಿನಾಟಾ ಟ್ರಾವೊರೆ ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಗಂಡಸರು. ಎಳೆಯ ವಯಸ್ಸಿನವರಂತೂ ಆ ಪಟ್ಟಿಯ ಹತ್ತಿರವೂ ಸುಳಿದಿರಲಿಲ್ಲ. ಇನ್ನೊಂದೆಡೆ ಸಭೆ ನಡೆಯುವುದೇ ವಿದ್ಯಾರ್ಥಿಗಳ ಬೆವರಿನಿಂದ. ಗುರುತಿನ ಚೀಟಿ ಬರೆಯುವುದು, ದಾರಿ ತೋರಿಸುವುದು, ರಾತ್ರಿ ಸ್ಟೇಷನ್ನಿಗೆ ಹೋಗಿ ಬಂದವರನ್ನು ವಸತಿಗೆ ಮುಟ್ಟಿಸುವುದು ಎಲ್ಲ ಊರುಗಳಲ್ಲೂ ಸ್ಥಳೀಯ ಕಾಲೇಜುಗಳ ಸ್ವಯಂಸೇವಕರ ಪಾಲಿಗೆ ಬರುತ್ತದೆ. ಭಾಷಾಂತರವೂ ಅಷ್ಟೇ. 2002ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದ ಯುರೋಪ್ ಮಟ್ಟದ ಸಾಮಾಜಿಕ ವೇದಿಕೆಯ ಸಂದರ್ಭದಲ್ಲಿ ಹುಟ್ಟಿದ ಬೇಬೆಲ್ಸ್ ಎಂಬ ಸ್ವಯಂಸೇವಾ ಭಾಷಾಂತರಕಾರರ ಬಳಗದಲ್ಲಿ ವೃತ್ತಿಪರರ ಜೊತೆ ಭಾಷಾ ವಿದ್ಯಾರ್ಥಿಗಳೂ ಗಾಜಿನ ಗೂಡಿನೊಳಗೆ ಕುಳಿತು ಸಂಬಳವಿಲ್ಲದೆ ದುಡಿದರು. ಸ್ವಯಂಸೇವೆಯಿಂದ ಕಲಿಯುವುದು ಬಹಳವಿದೆ, ನಿಜ. ಆದರೆ ಐದು ದಿನವೂ ಊಟದ ಕೂಪನ್ನು ಹರಿದು ಕೊಡುತ್ತ ನಿಂತವರನ್ನು ‘ಯುವಜನರ ಪಾಲ್ಗೊಳ್ಳುವಿಕೆ’ಯ ಲೆಕ್ಕಕ್ಕೆ ಸೇರಿಸಿ ವರದಿ ಬರೆಯುವ ಪರಿಪಾಠ ನನಗೆ ಸರಿಕಾಣುವುದಿಲ್ಲ.

ಸೆನೆಗಲ್ ದೇಶದ ಡಕಾರ್‌ನಲ್ಲಿ 2011ರ ಫೆಬ್ರವರಿಯಲ್ಲಿ ನಡೆದದ್ದು ಈ ವಿಚಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸುವಂಥದು. ಸಭೆಯ ಸ್ಥಳ ಶೇಖ್ ಅಂತಾ ಜೋಪ್ ವಿಶ್ವವಿದ್ಯಾಲಯ. ಮುಷ್ಕರದಿಂದ ಪಾಠಗಳು ಹಿಂದೆ ಬಿದ್ದಿದ್ದವು, ಆಡಳಿತ ಹೊಸಬರ ಕೈಗೆ ಹೋಗಿತ್ತು, ತರಗತಿಗಳಿಗೆ ರಜೆ ಕೊಡಲಿಲ್ಲ. ಸಭೆಗೆಂದು ಗೊತ್ತುಮಾಡಿದ್ದ ಕೊಠಡಿಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳು ಪಾಠ ಕೇಳುತ್ತ ಕುಳಿತಿದ್ದರು. ಸಾವಿರಾರು ಮೈಲಿಗಳಿಂದ ಬಂದವರು ಕಾರ್ಯಕ್ರಮ ಪಟ್ಟಿ ಹಿಡಿದು ಕೊಠಡಿಗಾಗಿ ಅಲೆದರು, ಕೊನೆಗೆ ಬಯಲಿನಲ್ಲಿ ಡೇರೆಗಳನ್ನು ಎಬ್ಬಿಸಬೇಕಾಯಿತು. ಶಿಕ್ಷಣವೆಂಬುದು ಎಲ್ಲರ ಹಕ್ಕೆಂದು ಸಾರಲು ಬಂದವರಿಗೆ ಆ ಹಕ್ಕನ್ನೇ ಚಲಾಯಿಸುತ್ತಿದ್ದ ವಿದ್ಯಾರ್ಥಿಗಳು ಅಡ್ಡಿಯಾಗಿ ಕಂಡದ್ದು ವಿಪರ್ಯಾಸವೇ ಸರಿ. ಟ್ಯುನಿಸ್‌ನ ಎಲ್ ಮನಾರ್ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ನಡೆದ ಸಭೆ ಇದಕ್ಕಿಂತ ಬಹಳ ಮೇಲೆಂದು ಹೆಸರು ಪಡೆಯಿತು. ಅಲ್ಲಿಯ ವಿದ್ಯಾರ್ಥಿಗಳು, ಟ್ಯುನೀಸಿಯಾದ ಸರ್ವಾಧಿಕಾರಿಯನ್ನು ಇಳಿಸಿದ 2011ರ ಕ್ರಾಂತಿಯನ್ನು ಬೀದಿಯಲ್ಲಿ ನಿಂತು ಮಾಡಿದ್ದ ಪೀಳಿಗೆ. ಯಾರಿಂದಲೂ ಉಪದೇಶ ಕೇಳುವ ಗರಜು ಅವರಿಗಿರಲಿಲ್ಲ.

ಈಗ ಈ ಸಭೆಯ ಮೇಲಿರುವ ಅತಿ ದೊಡ್ಡ ಆಕ್ಷೇಪಕ್ಕೆ ಬರೋಣ: ಇಷ್ಟು ಜನ ಸೇರಿ ಏನನ್ನೂ ತೀರ್ಮಾನಿಸದೆ ಚದುರುವುದೇತಕ್ಕೆ? ಇದನ್ನು ಅಳೆಯಲು ಕನ್ನಡಿಗರ ಬಳಿ ಒಂದು ಒಳ್ಳೆಯ ಅಳತೆಗೋಲಿದೆ. 1999ರಲ್ಲಿ, ವಿಶ್ವ ಸಾಮಾಜಿಕ ವೇದಿಕೆ ಹುಟ್ಟುವುದಕ್ಕೂ ಮೊದಲು, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘವು ನೂರಾರು ರೈತರನ್ನು ಯುರೋಪಿನ ನಗರಗಳಿಗೆ ಕರೆದೊಯ್ದ ಅಂತರಖಂಡ ಜಾಥಾದಲ್ಲಿ ಮುಂದಾಳಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್ ಎಂಬ, ಜಾಗತೀಕರಣ ವಿರೋಧಿ ಚಳವಳಿಗಳ ಜಾಗತಿಕ ಜಾಲದ ಎರಡನೆಯ ಸಮಾವೇಶವನ್ನು ಬೆಂಗಳೂರಿನಲ್ಲಿ ನಡೆಸಿಕೊಟ್ಟಿತು. ವಿಶ್ವ ವ್ಯಾಪಾರ ಸಂಸ್ಥೆಯ ಸಿಯಾಟಲ್ ಸಮ್ಮೇಳನದ ದಿನವಾದ ನವೆಂಬರ್ 30ರಂದು ಲೋಕದಾದ್ಯಂತ ಪ್ರತಿಭಟಿಸಬೇಕೆಂಬ ಕರೆ ಅಲ್ಲಿಂದ ಹೊರಟಿತು, ಆ ದಿನ ಸಿಯಾಟಲ್‌ನಲ್ಲಿ ಪ್ರತಿಭಟನಕಾರರು ದಾರಿಗಳನ್ನು ತಡೆದು ಸಮ್ಮೇಳನದ ಉದ್ಘಾಟನೆಯನ್ನೇ ನಿಲ್ಲಿಸಿದ್ದು ಲೋಕಕ್ಕೇ ಗೊತ್ತಿದೆ. ಸಣ್ಣ ಸಭೆ, ಖಚಿತ ದಿನಾಂಕ, ಮಾಡಬೇಕಾದ ಕೆಲಸ. ಆ ಗರಡಿಯಲ್ಲಿ ಪಳಗಿದವರಿಗೆ ಗೊತ್ತುವಳಿಯಿಲ್ಲದ ಸಭೆ ಪೊಳ್ಳಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಆದರೂ ಆಕ್ಷೇಪ ಪೂರ್ತಿ ನಿಲ್ಲುವುದಿಲ್ಲ. ತತ್ತ್ವಪತ್ರ ತಡೆಯುವುದು ವೇದಿಕೆಯ ಹೆಸರಿನಲ್ಲಿ ಮಾಡುವ ನಿರ್ಣಯವನ್ನು ಮಾತ್ರ. ಬಂದ ಸಂಘಟನೆಗಳು ತಮ್ಮತಮ್ಮಲ್ಲಿ ಏನು ಬೇಕಾದರೂ ನಿಶ್ಚಯಿಸಿಕೊಳ್ಳಬಹುದು. 2002ರ ನವೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಸೇರಿದ ಯುರೋಪಿನ ಸಾಮಾಜಿಕ ವೇದಿಕೆಯಲ್ಲಿ ಹಾಗೆ ನಿಶ್ಚಯಿಸಿಕೊಂಡದ್ದೇ ಮುಂದೆ 2003ರ ಫೆಬ್ರವರಿ 15ರಂದು ಇರಾಕ್ ಯುದ್ಧದ ವಿರುದ್ಧ ನೂರಾರು ನಗರಗಳಲ್ಲಿ ಒಂದೇ ದಿನ ನಡೆದ ಮೆರವಣಿಗೆಗಳಾಯಿತು. ವಿದ್ಯಾರ್ಥಿಗಳ ಮಟ್ಟಿಗಂತೂ ಮತಕ್ಕೆ ಹಾಕುವ ಗೊತ್ತುವಳಿ ಇಲ್ಲದಿರುವುದು ಒಂದು ಅನುಕೂಲವೆಂದೇ ನನ್ನ ಎಣಿಕೆ, ಏಕೆಂದರೆ ಗೊತ್ತುವಳಿಯ ಸಭೆಗಳಲ್ಲಿ ಕೈ ಎತ್ತುವುದಷ್ಟೇ ಕಿರಿಯರ ಪಾಲಿಗೆ ಉಳಿಯುತ್ತದೆ. ಪಕ್ಷಗಳಿಗೆ ಬಾಗಿಲು ಮುಚ್ಚಿದೆ ಎಂಬುದನ್ನು ಮಾತ್ರ ಅಕ್ಷರಶಃ ನಂಬಬೇಕಾಗಿಲ್ಲ. ಎಸ್‌ಎಫ್‌ಐ, ಎಐಎಸ್‌ಎಫ್‌ನಂಥ ವಿದ್ಯಾರ್ಥಿ ಸಂಘಟನೆಗಳು ಮುಂಬಯಿಗೆ ತಮ್ಮ ಬಾವುಟ ಹಿಡಿದೇ ಬಂದಿದ್ದವು. ಅವುಗಳ ಹಿಂದಿರುವುದು ಸಿಪಿಎಂ, ಸಿಪಿಐ ಪಕ್ಷಗಳೆಂದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ.

ಇದಕ್ಕೆ ಪರ್ಯಾಯವಾಗಿ ಹೆಚ್ಚಿನವರು ಹೆಸರಿಸುವುದು ವಿಶ್ವ ಯುವಜನ ಮತ್ತು ವಿದ್ಯಾರ್ಥಿ ಉತ್ಸವವನ್ನು. 1947ರಲ್ಲಿ ಪ್ರಾಗ್‌ನಲ್ಲಿ ಆರಂಭವಾದ ಇದು ಇವೆಲ್ಲಕ್ಕೂ ಹಿರಿಯ. 1957ರ ಮಾಸ್ಕೊ ಉತ್ಸವದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಲ್ಲಿಗೆ ಹೋಗಲು ರಾಷ್ಟ್ರೀಯ ಸಮಿತಿಯ ನಿಯೋಗದಲ್ಲಿ ಸ್ಥಾನ ಸಿಗಬೇಕು, ಸಮಿತಿಯಲ್ಲಿ ಸಂಘಟನೆಗಳ ಹಿಡಿತ ಬಿಗಿ. ಸಂಘಟನೆಯಲ್ಲಿ ಬೆಳೆದವರಿಗೆ ಅದು ಸರಿ. ಯಾವ ಬಾವುಟವನ್ನೂ ಹಿಡಿಯದ, ಆದರೆ ಊರಿನ ಕೆರೆಯ ಬಗ್ಗೆಯೋ ಹಾಸ್ಟೆಲಿನ ಬಗ್ಗೆಯೋ ಕೆಲಸ ಮಾಡಿರುವ ಹುಡುಗಿಗೆ ವಿಶ್ವ ಸಾಮಾಜಿಕ ವೇದಿಕೆಯ ಬಾಗಿಲು ಹೆಚ್ಚು ಅಗಲ.

ಬಾಗಿಲು ಅಗಲವೆಂದೆ, ಆದರೆ ಬಾಗಿಲವರೆಗೆ ತಲುಪುವುದು ಬೇರೆ ಮಾತು. 2012ರಲ್ಲಿ ಶುಲ್ಕ ಏರಿಕೆಯ ವಿರುದ್ಧ ತಿಂಗಳುಗಟ್ಟಲೆ ತರಗತಿ ತೊರೆದ ವಿದ್ಯಾರ್ಥಿಗಳ ನಗರವಾದ ಮಾಂಟ್ರಿಯಲ್‌ನಲ್ಲಿ 2016ರ ಸಭೆ ನಡೆದಾಗ, ಶ್ರೀಮಂತ ದೇಶವೊಂದರಲ್ಲಿ ಮೊದಲ ಬಾರಿಗೆ ಇಂಥ ಸಭೆಯೆಂದು ಸಂಭ್ರಮಿಸಿದ್ದೇನೋ ಆಯಿತು. ಕೆನಡಾ ಇನ್ನೂರಕ್ಕೂ ಹೆಚ್ಚು ಆಹ್ವಾನಿತರಿಗೆ ವೀಸಾ ನಿರಾಕರಿಸಿತು. ಮೇಲೆ ಹೇಳಿದ ಅಮಿನಾಟಾ ಟ್ರಾವೊರೆ, ಒಂದು ದೇಶದ ಸಂಸ್ಕೃತಿ ಸಚಿವೆಯಾಗಿದ್ದವರು, ಅವರಿಗೇ ವೀಸಾ ಸಿಗಲಿಲ್ಲವೆಂದ ಮೇಲೆ ರಾಯಚೂರಿನ ಬಿ.ಎ. ವಿದ್ಯಾರ್ಥಿಯ ಗತಿಯನ್ನು ಊಹಿಸಬಹುದು. 2007ರ ನೈರೋಬಿಯಲ್ಲಿ ಅಡ್ಡಿಯಾದದ್ದು ಗಡಿಯಲ್ಲ, ಪ್ರವೇಶ ಶುಲ್ಕ. ಸ್ಥಳೀಯ ಬಡವರು ಗೇಟಿನ ಮುಂದೆ ಪ್ರತಿಭಟಿಸಿದ ಮೇಲೆ ಅದನ್ನು ಕೈಬಿಡಬೇಕಾಯಿತು.

ಈ ದೃಷ್ಟಿಯಿಂದ ಕಠ್ಮಂಡು ನಮ್ಮ ವಿದ್ಯಾರ್ಥಿಗಳಿಗೆ ಒದಗಿಬಂದ ಅಪರೂಪದ ಅವಕಾಶವಾಗಿತ್ತು. ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದವರಿಗೆ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ನಡೆಯುವುದಿಲ್ಲವೆಂಬುದು ಕೊನೆಯ ಗಳಿಗೆಯವರೆಗೆ ಹಲವರಿಗೆ ತಿಳಿದಿರಲಿಲ್ಲ. ಯಶವಂತಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಸೋನೌಲಿ ಗಡಿಗೆ ಬಸ್ಸು, ಗಡಿ ದಾಟಿ ರಾತ್ರಿಯಿಡೀ ಇನ್ನೊಂದು ಬಸ್ಸು. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರಾ ಅರವತ್ತು ಬರುವುದರಿಂದ ಊಟ ವಸತಿ ಹೆಚ್ಚೇನೂ ಭಾರವಾಗಲಿಲ್ಲ. ಭಾರವಾದದ್ದು ಹಾಜರಾತಿ. ಹೋಗಿಬರುವ ಪ್ರಯಾಣವೂ ಸೇರಿದರೆ ಸೆಮಿಸ್ಟರಿನ ನಡುವೆ ಹತ್ತಕ್ಕೂ ಹೆಚ್ಚು ದಿನ ಹೋಗುತ್ತದೆ, ಶೇಕಡ 75ರ ನಿಯಮ ಯಾವ ಘೋಷಣೆಗೂ ಬಗ್ಗುವುದಿಲ್ಲ.

ಸಭೆಯ ಮುಖ್ಯ ಸ್ಥಳ ಊರ ನಡುವಿನ ಭೃಕುಟಿ ಮಂಡಪದ ವಸ್ತುಪ್ರದರ್ಶನ ಮೈದಾನ. ನಮ್ಮ ಹುಡುಗರು ವಿದ್ಯಾರ್ಥಿವೇತನ ತಡವಾಗುವುದರ ಬಗ್ಗೆ ತಮ್ಮ ಹಾಸ್ಟೆಲುಗಳಲ್ಲಿಯೇ ಮಾಡಿದ್ದ ಸಮೀಕ್ಷೆಯನ್ನು ಚಾರ್ಟ್ ಹಾಳೆಗಳಲ್ಲಿ ಬರೆದು ತಂದಿದ್ದರು. ಡೇರೆಯ ಬಟ್ಟೆಗೆ ಗಮ್ ಟೇಪು ಹಿಡಿಯದೆ ಹಾಳೆಗಳು ಮತ್ತೆಮತ್ತೆ ಕಳಚಿ ಬೀಳುತ್ತಿದ್ದವು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ನೇಪಾಳಿ ವಿದ್ಯಾರ್ಥಿಗಳೇ ಎದ್ದು ಬಂದು ಅವನ್ನು ಕೈಯಲ್ಲಿ ಹಿಡಿದು ನಿಂತರು. ಹಾಗೆ ನಿಂತವರಲ್ಲಿ ಒಬ್ಬ, ಕೋಷ್ಟಕವನ್ನು ಓದುತ್ತ ಓದುತ್ತ, ತನ್ನ ಶುಲ್ಕ ಕಟ್ಟುತ್ತಿರುವುದು ಕತಾರಿನಲ್ಲಿ ದುಡಿಯುವ ಅಣ್ಣನೆಂದೂ ಅಲ್ಲಿಯ ಸಂಬಳ ತಡವಾದರೆ ಇಲ್ಲಿ ಪರೀಕ್ಷೆ ತಪ್ಪುತ್ತದೆಂದೂ ಹೇಳಿದ. ಮುಂದಿನ ಒಂದು ಗಂಟೆ ಚರ್ಚೆ ಹೋದದ್ದು ಆ ದಾರಿಯಲ್ಲಿ: ಓದಿನ ಖರ್ಚನ್ನು ಸರ್ಕಾರ ಕೈಬಿಟ್ಟಾಗ ಅದು ಯಾರ ಬೆನ್ನಿಗೆ ಬೀಳುತ್ತದೆ, ಯಾವ ದೇಶದ ಬಿಸಿಲಿನಲ್ಲಿ. ಹಿಂದಿ ಸರಾಗವಾಗಿ ಬಾರದ ನಮ್ಮ ಹುಡುಗರು ಹರಕು ಇಂಗ್ಲಿಷಿನಲ್ಲಿಯೇ ನಿಭಾಯಿಸಿದರು. ಇದೇ ಹುಡುಗರು ದೊಡ್ಡ ಸಭೆಗಳಲ್ಲಿ ತೂಕಡಿಸಿದ್ದನ್ನೂ ನಾನು ಕಂಡಿದ್ದೇನೆ, ಅದಕ್ಕಾಗಿ ಅವರನ್ನು ದೂರಲಾರೆ.

ಅಂಕ ಕೊಡಲೇಬೇಕೆಂದರೆ, ಕೇಳುಗರಾಗಿ ಹೋಗುವವರಿಗೆ ಐದಕ್ಕೆ ಎರಡು, ಸ್ವಂತ ಕಾರ್ಯಾಗಾರದೊಂದಿಗೆ ನಾಲ್ಕೈದು ಜನ ಕೂಡಿ ಹೋಗುವವರಿಗೆ ನಾಲ್ಕು. ಒಬ್ಬರೇ ಹೋಗುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾರ್ಯಾಗಾರವನ್ನು ಮೊದಲ ದಿನಕ್ಕೆ ಹಾಕಿಸಿಕೊಂಡರೆ ಉಳಿದ ದಿನಗಳಲ್ಲಿ ಪರಿಚಯ ಬೆಳೆಸಲು ಸಮಯವಿರುತ್ತದೆ, ಕೊನೆಯ ದಿನಕ್ಕೆ ಬಂದರೆ ಕೇಳುವವರು ಬಸ್ಸು ಹತ್ತಿರುತ್ತಾರೆ. ಒಂದೇ ವಿಷಯದ ಪ್ರಸ್ತಾಪಗಳನ್ನು ಕೂಡಿಸಿ ನಡೆಸಿರೆಂದು ಸಂಘಟಕರು ಕೇಳುವುದುಂಟು. ದೊಡ್ಡ ಸಂಸ್ಥೆಯೊಂದಿಗೆ ಕೂಡಿಕೊಂಡಲ್ಲಿ ವಿದ್ಯಾರ್ಥಿಗಳ ಪಾಲಿಗೆ ಹತ್ತು ನಿಮಿಷವೂ ಉಳಿಯುವುದಿಲ್ಲವಾದ್ದರಿಂದ, ಎಷ್ಟು ಸಮಯ ತಮ್ಮದೆಂಬುದನ್ನು ಒಪ್ಪಿಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಬೇಕು. ಮುಂದಿನ ಸಭೆಯನ್ನು 2026ಕ್ಕೆ ಪಶ್ಚಿಮ ಆಫ್ರಿಕಾದ ಬೆನಿನ್ ದೇಶಕ್ಕೆ ಗೊತ್ತುಪಡಿಸಿದ್ದಾರೆ. ಅಲ್ಲಿಗೆ ಹೋಗಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ, ವಿಮಾನದ ದರ ಕಠ್ಮಂಡುವಿನ ಖರ್ಚಿಗೆ ಹೋಲಿಸುವಂಥದಲ್ಲ, ಅಲ್ಲಿಯ ಆಡಳಿತ ಭಾಷೆ ಫ್ರೆಂಚ್. ನಮ್ಮ ಪದವಿ ಕಾಲೇಜುಗಳಲ್ಲಿ ಫ್ರೆಂಚನ್ನು ಎರಡನೆಯ ಭಾಷೆಯಾಗಿ ಓದುತ್ತಿರುವವರು ಇಂಥ ತಂಡಗಳ ಕಣ್ಣಿಗೆ ಇದುವರೆಗೆ ಬಿದ್ದಂತಿಲ್ಲ. ಹೋಗುವ ಯೋಚನೆಯಿದ್ದವರು ಮೊದಲು ಆ ತರಗತಿಯ ಬಾಗಿಲು ತಟ್ಟಲಿ.